ಆಣೆ ಇಡದ ಓನರಮ್ಮ

ಓನರಮ್ಮ ಹೋಗಿಬಿಟ್ಟರು ಎಂದು ನನಗೆ ಫೋನ್ ಮಾಡಿ ತಿಳಿಸಿದವನು ಮಂಜು. ಹೂಡಿಯಲ್ಲಿದ್ದ ಅವರ ಕಟ್ಟಡದಲ್ಲಿ ಅವನು ಮೊದಲನೇ ಮಹಡಿ, ನಾನು ಮೂರನೇ ಮಹಡಿ, ಇಬ್ಬರೂ ಆಗ ಬಾಡಿಗೆಗಿದ್ದವರು. ಒಂದು ಬೇಸಿಗೆಯಲ್ಲಿ ಇದೇ ಮಂಜು, ಓನರಮ್ಮನನ್ನು ಮಾರಮ್ಮನ ಗುಡಿಯ ಮುಂದೆ ನಿಲ್ಲಿಸಿ ಕರ್ಪೂರ ಮುಟ್ಟಿಸಿ ಆಣೆ ಇಡಿಸುತ್ತೇನೆ ಎಂದು ಮೆಟ್ಟಿಲಲ್ಲಿ ನಿಂತು ಕೂಗಾಡಿದ್ದ. ಈಗ ಅವನೇ 'ಹೋಗ್ಬಿಟ್ರು ಅಕ್ಕಾ' ಎಂದು ಹೇಳಿದ್ದನ್ನೇ ಇನ್ನೊಮ್ಮೆ ಹೇಳಿ ಫೋನ್ ಇಟ್ಟುಬಿಟ್ಟ. ನಾನು ಹೆಚ್ಚುತ್ತಿದ್ದ ಹುರುಳಿಕಾಯಿಯನ್ನು ಹಾಗೇ ಬಿಟ್ಟು ಕುಳಿತೆ.

ಸತ್ತವರನ್ನೆಲ್ಲ ಒಳ್ಳೆಯವರು ಅನ್ನುವುದು ನಮ್ಮಲ್ಲಿ ವಾಡಿಕೆ. ಓನರಮ್ಮನ ವಿಷಯದಲ್ಲಿ ಅದು ಅಷ್ಟು ಸುಲಭವಲ್ಲ. ಬದುಕಿದ್ದಾಗ ಒಳ್ಳೆಯವರಾಗಿ ಕಾಣಿಸಿಕೊಳ್ಳಬೇಕೆಂಬ ಆಸೆ ಅವರಿಗೆ ಒಂದು ದಿನವೂ ಇದ್ದಂತಿರಲಿಲ್ಲ. ಬಾಯಿ ಜೋರು, ನಡಿಗೆ ಜೋರು, ಮಂಡಿ ಮಾತ್ರ ಸವೆದುಹೋಗಿತ್ತು. ಆ ಮಂಡಿಯನ್ನೂ ಬೈಯುತ್ತಲೇ ಮೆಟ್ಟಿಲು ಹತ್ತುತ್ತಿದ್ದರು. ಅವರು ಮೇಲೆ ಬರುತ್ತಿರುವುದು ಎಲ್ಲ ಮನೆಗಳಿಗೂ ಮೊದಲೇ ಗೊತ್ತಾಗುತ್ತಿತ್ತು. ನಾನಂತೂ ಬಾಗಿಲ ಮುಂದಿನ ಚಪ್ಪಲಿಗಳನ್ನು ಸಾಲಾಗಿ ಜೋಡಿಸಿಬಿಡುತ್ತಿದ್ದೆ. ಶಾಲೆಯಲ್ಲಿ ಮಕ್ಕಳನ್ನು ಹೆದರಿಸುವ ವಿಜ್ಞಾನದ ಟೀಚರ್ ನಾನು. ಮನೆಯಲ್ಲಿ ನನಗೂ ಒಬ್ಬ ಹೆಡ್‌ಮಿಸ್ ಇದ್ದರು.

ಮನೆ ನೋಡಲು ಹೋದ ದಿನ ಅವರು ನಮ್ಮ ಸಂಬಳ ಕೇಳಲಿಲ್ಲ, ಜಾತಿ ಕೇಳಲಿಲ್ಲ. ನನ್ನ ಗಂಡನನ್ನು ಬಚ್ಚಲಿಗೆ ಕರೆದುಕೊಂಡು ಹೋಗಿ, ನಲ್ಲಿ ತೆಗೆದು ಮುಚ್ಚು ಎಂದರು. ನನ್ನ ಗಂಡ ಮುಚ್ಚಿದರು, ನಲ್ಲಿ ತೊಟ್ಟಿಕ್ಕಿತು. ಓನರಮ್ಮ ನನ್ನನ್ನು ಕರೆದರು. ನಾನು ಇರುವ ಬಲವನ್ನೆಲ್ಲ ಹಾಕಿ ತಿರುಗಿಸಿದೆ, ನಿಂತಿತು. 'ಮನೆ ನಿನಗೆ ಕೊಟ್ಟೀವ್ನಿ ಟೀಚರಮ್ಮ, ಅವಯ್ಯ ಬೇಕಿದ್ರೆ ನಿನ್ ಜೊತೇಲಿ ಇರ್ಲಿ' ಎಂದರು. ನನ್ನ ಗಂಡ ಆಮೇಲೆ ಎಷ್ಟೋ ದಿನ ನಲ್ಲಿ ಮುಟ್ಟುವಾಗೆಲ್ಲ ಹಿಂದೆ ತಿರುಗಿ ನೋಡುತ್ತಿದ್ದರು.

ಹೂಡಿ ಇನ್ನೂ ಹಳ್ಳಿಯಾಗಿದ್ದಾಗ ಅಲ್ಲಿಗೆ ಸೊಸೆಯಾಗಿ ಬಂದವರು ಅವರು. ರಾಗಿ, ಹುರುಳಿ, ಟೊಮೇಟೊ ಬೆಳೆದ ಹೊಲಗಳ ಮೇಲೆ ಈಗ ಗಾಜಿನ ಕಟ್ಟಡಗಳು. ಗಂಡ ತೀರಿಕೊಂಡ ಮೇಲೆ ಉಳಿದ ಸೈಟಿನಲ್ಲಿ ಈ ನಾಲ್ಕಂತಸ್ತಿನ ಮನೆ ಕಟ್ಟಿಸಿ, ಕೆಳಗೆ ತಾವೊಬ್ಬರೇ ಇದ್ದರು. ಒಬ್ಬಳೇ ಮಗಳು, ಹೊಸಕೋಟೆಗೆ ಕೊಟ್ಟಿದ್ದರು. ಹೊಲ ಹೋದದ್ದಕ್ಕೆ ಅವರು ಅತ್ತದ್ದನ್ನು ನಾನು ನೋಡಿಲ್ಲ. ಅಳುವ ಬದಲು ಟೆರೇಸಿನ ಮೇಲೆ ಪೇಂಟ್ ಡಬ್ಬ, ಅರ್ಧಕ್ಕೆ ಕತ್ತರಿಸಿದ ನೀಲಿ ಡ್ರಮ್ಮು, ಒಡೆದ ಬಕೆಟ್ಟು ಎಲ್ಲಕ್ಕೂ ಮಣ್ಣು ತುಂಬಿ ಟೊಮೇಟೊ ಹಾಕಿದ್ದರು. ಅಂಗಡಿಯ ಟೊಮೇಟೊ ಅವರ ಪ್ರಕಾರ ರಬ್ಬರ್ ಚೆಂಡು.

ಆ ವರ್ಷದ ಗಿಡಗಳಿಗೆ ಬೇರೆ ಕಾರಣವಿತ್ತು. ಮಗಳು ಮದುವೆಯಾಗಿ ಎಷ್ಟೋ ವರ್ಷಕ್ಕೆ ಬಸುರಿಯಾಗಿದ್ದಳು. ಅವಳಿಗೆ ಅನ್ನ ಸೇರುತ್ತಿರಲಿಲ್ಲ. ಅಮ್ಮ ಬೆಳೆದ ನಾಟಿ ಟೊಮೇಟೊದ ಗೊಜ್ಜು ಬೇಕು ಅಂದಿದ್ದಳಂತೆ. ಈ ಸುದ್ದಿಯನ್ನು ಓನರಮ್ಮ ನನಗೊಬ್ಬಳಿಗೇ ಹೇಳಿದ್ದು, ಅದೂ ಬಾಗಿಲು ಹಾಕಿಕೊಂಡು.

ಗಿಡಗಳು ಚೆನ್ನಾಗಿಯೇ ಬಂದವು, ಹೂವೂ ಬಂತು, ಕಾಯಿಯೂ ಕಚ್ಚಿತು. ಕಾಯಿ ನಿಂಬೆಹಣ್ಣಿನ ಗಾತ್ರಕ್ಕೆ ಬರುವಷ್ಟರಲ್ಲಿ ತಳ ಕಪ್ಪಾಗತೊಡಗಿತು. ಹೂವು ಉದುರಿದ ಜಾಗದಲ್ಲಿ ಮೊದಲು ನೀರು ಸೇರಿದಂಥ ಒಂದು ಕಲೆ, ಆಮೇಲೆ ಕಂದು, ಆಮೇಲೆ ಚರ್ಮದ ಹಾಗೆ ಒಣಗಿ ಒಳಕ್ಕೆ ಕುಸಿದ ಕರಿ ಚಕ್ಕೆ. ಮೇಲಿನಿಂದ ನೋಡಿದರೆ ಮುದ್ದಾದ ಕಾಯಿ, ತಿರುಗಿಸಿದರೆ ಹೀಗೆ. ಒಂದು ಭಾನುವಾರ ಅಂಥದ್ದೊಂದನ್ನು ತಂದು ನನ್ನ ಮುಖದ ಮುಂದೆ ಹಿಡಿದರು. 'ಇದರ ತಿಕ ನೋಡು ಟೀಚರಮ್ಮ, ಬೆಂಕಿ ಮ್ಯಾಲೆ ಕುಂತಂಗಾಗೈತೆ' ಎಂದರು. ನನ್ನ ಗಂಡ ಪೇಪರ್ ಅಡ್ಡ ಹಿಡಿದುಕೊಂಡು ನಕ್ಕರು.

ಮೊದಲ ಅನುಮಾನ ದೃಷ್ಟಿಯ ಮೇಲೆ. ಉಪ್ಪು, ಒಣಮೆಣಸಿನಕಾಯಿ ಹಿಡಿದು ಪ್ರತಿ ಡಬ್ಬಕ್ಕೂ ಇಳಿ ತೆಗೆದರು, ಡ್ರಮ್ಮಿಗೆ ಹಳೇ ಚಪ್ಪಲಿ ಕಟ್ಟಿದರು. ಆಮೇಲೆ ಯಾರೋ ಸುಣ್ಣದಂಶ ಕಮ್ಮಿ ಎಂದರು. ಅದು ಅರ್ಧ ನಿಜವೇ. ಎಲೆಅಡಿಕೆಯ ಸುಣ್ಣ ನೀರಿಗೆ ಕದಡಿ ಹಾಕಿದರು. ನಮ್ಮೆಲ್ಲರ ಮನೆಯ ಮೊಟ್ಟೆ ಸಿಪ್ಪೆ ಮೆಟ್ಟಿಲ ಮೇಲೆ ಶೇಖರವಾಗತೊಡಗಿತು. ಕೊನೆಗೆ, ಮಂಡಿಗೆಂದು ಡಾಕ್ಟರು ಬರೆದುಕೊಟ್ಟ ಕ್ಯಾಲ್ಸಿಯಂ ಮಾತ್ರೆಗಳನ್ನು ಒರಳಲ್ಲಿ ಕುಟ್ಟಿ ಗಿಡಗಳಿಗೆ ಹಾಕಿದ್ದು ನನ್ನ ಕಣ್ಣಿಗೆ ಬಿತ್ತು. ನಾನು ಬೈದೆ. 'ನಂದು ಸವೆಯೋ ಮೂಳೆ, ಅದರದು ಬೆಳೆಯೋ ಕಾಯಿ. ಯಾರು ತಿನ್ಬೇಕು ಯೋಳು' ಎಂದು ನನ್ನನ್ನೇ ಕೇಳಿದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ. ಮಂಡಿಯೂ ವಾಸಿಯಾಗಲಿಲ್ಲ, ಕಾಯಿಯೂ ವಾಸಿಯಾಗಲಿಲ್ಲ.

ನಾನೂ ಹಿಂದೆ ಬಾಲ್ಕನಿಯಲ್ಲಿ ಟೊಮೇಟೊ ಹಾಕಿ ಇದೇ ಪಾಡು ಪಟ್ಟಿದ್ದೆ. ಇದು ರೋಗ ಅಲ್ಲ, ಹುಳವೂ ಅಲ್ಲ. ಮಣ್ಣಿನಲ್ಲಿ ಸುಣ್ಣದಂಶ ಇದ್ದೇ ಇರುತ್ತದೆ. ಅದನ್ನು ಕಾಯಿಯ ತಳದವರೆಗೆ ಹೊತ್ತೊಯ್ಯುವುದು ನೀರು. ಡಬ್ಬದ ಮಣ್ಣು ಮೂರು ದಿನ ಸುಟ್ಟು ಒಣಗಿ, ನಾಲ್ಕನೇ ದಿನ ಒಮ್ಮೆಲೇ ಕೊಡ ಸುರಿದರೆ ಆ ಸಾಗಾಟ ಕಡಿದುಹೋಗುತ್ತದೆ, ತಳ ಸಾಯುತ್ತದೆ. ದಿನಾ ಒಂದೇ ಸಮ ನೀರು ಕೊಡಬೇಕು, ಮಣ್ಣಿನ ಮೇಲೆ ತೆಂಗಿನ ನಾರೋ ತರಗೆಲೆಯೋ ಮುಚ್ಚಬೇಕು, ಕೆಟ್ಟ ಕಾಯಿ ಕಿತ್ತುಹಾಕಬೇಕು. ಇಷ್ಟೇ ಮದ್ದು. ಹೇಳಿದೆ. ಓನರಮ್ಮ ನನ್ನನ್ನು ಮೇಲಿಂದ ಕೆಳಗೆ ನೋಡಿ, ದಿನಾ ನೀರು ಎಲ್ಲಿಂದ ತರಲಿ ಎಂದು ಕೇಳಿದರು.

ಆ ಬೇಸಿಗೆಯಲ್ಲಿ ನಮ್ಮ ಬೋರ್‌ವೆಲ್ ಬತ್ತಿಹೋಗಿತ್ತು. ಟ್ಯಾಂಕರ್ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಬಂದಾಗ ಓನರಮ್ಮ ಟ್ಯಾಂಕರಿನ ಏಣಿ ಹತ್ತಿ, ಒಳಗೆ ಕೋಲು ಅದ್ದಿ, ಪೂರ್ತಿ ತುಂಬಿದೆಯೇ ನೋಡಿಯೇ ಕೆಳಗಿಳಿಯುತ್ತಿದ್ದರು. ಟೆರೇಸಿನ ಟ್ಯಾಂಕಿಗೆ ಒಂದೇ ವಾಲ್ವ್. ಅದನ್ನು ತಿರುಗಿಸುವ ಕಬ್ಬಿಣದ ಕೀಲಿಯನ್ನು ಸೀರೆಯ ಸೊಂಟಕ್ಕೆ ಸಿಕ್ಕಿಸಿಕೊಂಡು, ಬೆಳಿಗ್ಗೆ ಹೋಗಿ ಸ್ವಲ್ಪ ಹೊತ್ತು ತೆರೆಯುತ್ತಿದ್ದರು. ಅಷ್ಟರಲ್ಲಿ ಎಲ್ಲ ಮನೆಯವರೂ ಹಿಡಿದಿಟ್ಟುಕೊಳ್ಳಬೇಕು. ಮುಚ್ಚಿದ ಮೇಲೆ ದೇವರೇ ಬಂದು ಕೇಳಿದರೂ ತೆರೆಯುತ್ತಿರಲಿಲ್ಲ. ಅವರ ಮನೆಗೂ ಅಷ್ಟೇ ನೀರು. ಗಿಡಗಳಿಗೆ ಅವರು ಹಾಕುತ್ತಿದ್ದದ್ದು ಕಲಗಚ್ಚು. ಅಕ್ಕಿ, ಬೇಳೆ, ಸೊಪ್ಪು ತೊಳೆದ ನೀರನ್ನು ಒಂದು ಬಕೆಟಿನಲ್ಲಿ ಕೂಡಿಟ್ಟು, ಮಂಡಿ ಒಪ್ಪಿದ ದಿನ ಮೇಲೆ ಹೊತ್ತುಕೊಂಡು ಹೋಗಿ ಸುರಿಯುತ್ತಿದ್ದರು. ಒಬ್ಬ ಹೆಂಗಸಿನ ಮನೆಯ ಕಲಗಚ್ಚು ಎಷ್ಟಾದೀತು? ಬಕೆಟ್ ತುಂಬಲು ದಿನಗಳೇ ಬೇಕಿತ್ತು.

ಇದು ನನಗೆ ಗೊತ್ತಿತ್ತು, ಯಾಕೆಂದರೆ ನನ್ನ ಬಾಗಿಲು ಟೆರೇಸಿನ ಮೆಟ್ಟಿಲ ಪಕ್ಕವೇ ಇತ್ತು. ಮಂಜುವಿಗೆ ಗೊತ್ತಿರಲಿಲ್ಲ. ಅವನು ಹತ್ತಿರದ ಒಂದು ಫ್ಯಾಕ್ಟರಿಯಲ್ಲಿ ರಾತ್ರಿ ಪಾಳಿಯಲ್ಲಿದ್ದ. ಹೆಂಡತಿ ಸವಿತಾ ಹೆತ್ತು ಇನ್ನೂ ಹೆಚ್ಚು ದಿನವಾಗಿರಲಿಲ್ಲ. ಬಾಣಂತನ ಮಾಡಲು ಬಂದಿದ್ದ ತಾಯಿ ಊರಿಗೆ ಹೋಗಿಬಿಟ್ಟಿದ್ದರು. ಬೆಳಿಗ್ಗೆ ನೀರು ಬಿಡುವ ಹೊತ್ತಿಗೇ ಮಗು ಅಳುತ್ತಿತ್ತು, ಅವಳು ಹಾಲು ಕೊಡುತ್ತಾ ಕೂರುತ್ತಿದ್ದಳು, ಬಿಂದಿಗೆ ತುಂಬುವ ಮೊದಲೇ ನಲ್ಲಿ ನಿಂತುಹೋಗುತ್ತಿತ್ತು. ಬಟ್ಟೆಗಳ ರಾಶಿ ಬಚ್ಚಲಲ್ಲಿ ನಾರುತ್ತಿತ್ತು. ನಾನು ಆಗಾಗ ಒಂದು ಬಕೆಟ್ ಕೊಟ್ಟಿದ್ದೆ. ಅದು ಯಾವ ಮೂಲೆಗೆ?

ಒಂದು ಬೆಳಿಗ್ಗೆ ಮಂಜು ಪಾಳಿ ಮುಗಿಸಿ ಬಂದಾಗ ಮನೆಯಲ್ಲಿ ಒಂದು ತೊಟ್ಟು ನೀರಿಲ್ಲ. ಅವನ ಕಿಟಕಿಯ ಪಕ್ಕ ಟೆರೇಸಿನಿಂದ ಇಳಿದಿದ್ದ ಮಳೆನೀರಿನ ಪೈಪಿನಿಂದ ಮಾತ್ರ ನೀರು ಸುರಿಯುತ್ತಿತ್ತು. ಓನರಮ್ಮ ಆಗ ತಾನೇ ಬಕೆಟ್ ಹೊತ್ತು ಹೋಗಿ ಗಿಡಗಳಿಗೆ ಸುರಿದಿದ್ದರು. ಸುಟ್ಟು ಗಟ್ಟಿಯಾದ ಮಣ್ಣು ಒಮ್ಮೆಲೇ ಬಿದ್ದ ನೀರನ್ನು ಹಿಡಿದುಕೊಳ್ಳುವುದಿಲ್ಲ. ಮುಕ್ಕಾಲು ಪಾಲು ಡಬ್ಬದ ಅಂಚಿನಿಂದ ಜಾರಿ ಪೈಪಿಗೆ ಹೋಗುತ್ತದೆ. ಮಂಜುವಿಗೆ ಕಂಡದ್ದು ಇಷ್ಟು: ತನ್ನ ಮಗುವಿಗೆ ನೀರಿಲ್ಲ, ಓನರಮ್ಮನ ಟೊಮೇಟೊಗೆ ನೀರಿದೆ.

ಅವನ ಕೂಗು ಕೇಳಿ ಎಲ್ಲರೂ ಮೆಟ್ಟಿಲಿಗೆ ಬಂದೆವು. ಎರಡನೇ ಮಹಡಿಯಲ್ಲಿ ಒಬ್ಬ ಕ್ಯಾಬ್ ಡ್ರೈವರ್ ಇದ್ದ, ಅವನೂ ದನಿಗೂಡಿಸಿದ. ಕೀಲಿ ಇವರ ಸೊಂಟದಲ್ಲಿದೆ, ನಾವು ಕೆಳಗೆ ಬಾಯಿ ಬಿಟ್ಟುಕೊಂಡು ನಿಂತಿರುತ್ತೇವೆ, ಮೇಲೆ ಇವರು ಏನು ಮಾಡುತ್ತಾರೋ ಯಾರು ಕಂಡರು ಎಂದ. ಓನರಮ್ಮ ತಮ್ಮ ಬಾಗಿಲಲ್ಲಿ ನಿಂತಿದ್ದರು. ನಿಮ್ಮ ನೀರು ಗಿಡಕ್ಕೆ ಹಾಕಿಲ್ಲ ಎಂದು ಒಂದೇ ಸಲ ಹೇಳಿದರು.

'ಹಾಗಾದ್ರೆ ಶುಕ್ರವಾರ ಮಾರಮ್ಮನ ಮುಂದೆ ಕರ್ಪೂರ ಮುಟ್ಟಿ ಅದೇ ಮಾತು ಹೇಳಿ' ಎಂದ ಮಂಜು. 'ಮುಟ್ಟಿದ್ರೆ ನಾನು ನಿಮ್ಮ ಕಾಲು ಹಿಡೀತೀನಿ. ಮುಟ್ಲಿಲ್ಲ ಅಂದ್ರೆ ನಾವೆಲ್ಲ ಮನೆ ಖಾಲಿ ಮಾಡ್ತೀವಿ. ಯಾಕೆ ಮಾಡಿದ್ವಿ ಅಂತ ಇಡೀ ಹೂಡೀಗೆ ಹೇಳ್ಬಿಟ್ಟು ಹೋಗ್ತೀವಿ.'

ಅವನೂ ಕೋಲಾರದ ಕಡೆಯ ಹಳ್ಳಿಯವನು. ಆ ಮಾತಿನ ತೂಕ ಅವನಿಗೂ ಗೊತ್ತಿತ್ತು, ಆಕೆಗೂ ಗೊತ್ತಿತ್ತು. ಮನೆಗಳು ಖಾಲಿಯಾದರೆ ಬೇರೆಯವರು ಬರುತ್ತಾರೆ. ಆದರೆ ಸೊಸೆಯಾಗಿ ಬಂದು ಮುದುಕಿಯಾದ ಊರಿನಲ್ಲಿ 'ಕೂಸಿನ ನೀರು ಕದ್ದವಳು' ಅನ್ನಿಸಿಕೊಂಡರೆ ಆ ಹೆಸರನ್ನು ಯಾವ ನೀರಿನಿಂದಲೂ ತೊಳೆಯಲಾಗುವುದಿಲ್ಲ. ಓನರಮ್ಮ ಒಳಗೆ ಹೋಗಿ ಬಾಗಿಲು ಹಾಕಿಕೊಂಡರು.

ಆ ವಾರವೂ ಬೆಳಿಗ್ಗೆ ಓನರಮ್ಮ ಎಂದಿನಂತೆ ಮೆಟ್ಟಿಲು ಹತ್ತುತ್ತಿದ್ದರು, ಮಂಡಿಯನ್ನು ಬೈಯುತ್ತಿರಲಿಲ್ಲ. ಬುಧವಾರ ಸಂಜೆ ತಡೆಯಲಾರದೆ ಕೆಳಗೆ ಹೋಗಿ ಬಾಗಿಲು ತಟ್ಟಿದೆ. ನಿಜವನ್ನೇ ಹೇಳುವುದಾದರೆ ಕರ್ಪೂರ ಮುಟ್ಟಲು ಏನು ಕಷ್ಟ, ಒಂದು ನಿಮಿಷದ ಕೆಲಸ, ಮುಗಿಸಿಬಿಡಿ ಎಂದೆ.

ಅವರು ಎಲೆಗೆ ಸುಣ್ಣ ಸವರಿ, ಮಡಿಚಿ ಬಾಯಿಗಿಟ್ಟುಕೊಂಡರು. ಆಮೇಲೆ ಹೇಳಿದರು. ಅವರ ಗಂಡ ಹರೆಯದಲ್ಲಿ ಬದುವಿನ ಜಗಳಕ್ಕೆ ಇದೇ ಮಾರಮ್ಮನ ಮುಂದೆ ಕರ್ಪೂರ ಮುಟ್ಟಿದ್ದರಂತೆ. ಹೇಳಿದ್ದು ಸತ್ಯ; ಬದು ಅವರದೇ. ಅದೇ ವರ್ಷ ಅವರ ಮೊದಲ ಕೂಸು, ಗಂಡು, ಜ್ವರ ಬಂದು ಹೋಯಿತು. ಆ ಮಗುವಿನ ಸುದ್ದಿ ನಾನು ಕೇಳಿದ್ದು ಅದೇ ಮೊದಲು.

'ನಿಜಾನೇ ಯೋಳಿದ್ದ ಕಣವ್ವ. ಆದ್ರೂ ಕೂಸು ಓಯ್ತು. ಆಣೆ ಅನ್ನೋದು ನಿಜಾನೂ ನೋಡಾಕಿಲ್ಲ, ಸುಳ್ಳೂ ನೋಡಾಕಿಲ್ಲ, ಮನೇಲಿ ಎಳೇದು ಯಾವುದೈತೆ ಅಂತ ನೋಡ್ತದೆ. ಈಗ ನನ್ ಮಗಳ ಒಟ್ಟೇಲಿ ಐತೆ.'

ಹಾಗಾದರೆ ಕಾರಣವನ್ನಾದರೂ ಎಲ್ಲರಿಗೂ ಹೇಳಿಬಿಡಿ ಎಂದೆ. ತಲೆಯಾಡಿಸಿದರು. ಬಸುರಿಯನ್ನು ನೆವ ಮಾಡಿಕೊಂಡಳು ಎನ್ನುತ್ತಾರೆ, ಆ ಹೊಟ್ಟೆಯ ಮೇಲೆ ನಾಲ್ಕು ನಾಲಿಗೆ ಹೊರಳುವುದು ಬೇಡ ಎಂದರು. ನನ್ನಿಂದಲೂ ಮಾತು ತೆಗೆದುಕೊಂಡರು, ಯಾರಿಗೂ ಹೇಳಬಾರದು ಎಂದು.

ನಾನು ವಿಜ್ಞಾನದ ಟೀಚರ್. ಆಣೆಗೂ ಜ್ವರಕ್ಕೂ ಸಂಬಂಧವಿಲ್ಲ ಎಂದು ಮಕ್ಕಳಿಗೆ ಹೇಳಿಕೊಡುವವಳು. ಆ ಹೆಂಗಸಿನ ಮುಂದೆ ಅದನ್ನು ಹೇಳಲು ನಾಲಿಗೆ ಏಳಲಿಲ್ಲ. ಅದರ ಬದಲು ನನಗೆ ಇನ್ನೊಂದು ದಾರಿ ಹೊಳೆಯಿತು, ಹಾವೂ ಸಾಯದ, ಕೋಲೂ ಮುರಿಯದ ದಾರಿ. ನಿಮ್ಮ ಟೊಮೇಟೊಗಳೇ ಸಾಕ್ಷಿ ಎಂದೆ. ಟ್ಯಾಂಕಿನ ಪಕ್ಕದಲ್ಲೇ ಗಿಡ, ಸೊಂಟದಲ್ಲಿ ಕೀಲಿ. ನೀವು ನಿಜವಾಗಿಯೂ ನೀರು ಕದ್ದಿದ್ದರೆ ದಿನಾ ಕದಿಯಬಹುದಿತ್ತು. ದಿನಾ ನೀರು ಕುಡಿದ ಗಿಡದ ಕಾಯಿ ಹೀಗೆ ತಳ ಕಪ್ಪಾಗುವುದಿಲ್ಲ. ಎಲ್ಲರನ್ನೂ ಮೇಲೆ ಕರೆಸುತ್ತೇನೆ, ಒಂದೊಂದೇ ಕಾಯಿ ತಿರುಗಿಸಿ ತೋರಿಸುತ್ತೇನೆ ಎಂದೆ. ನನ್ನ ಬುದ್ಧಿಗೆ ನಾನೇ ಬೀಗಿದ್ದೆ.

ಓನರಮ್ಮನ ಮುಖ ಕೆಂಪಾಯಿತು. ಅಷ್ಟು ಕೋಪವನ್ನು ನಾನು ಅವರಲ್ಲಿ ಕಂಡಿರಲಿಲ್ಲ.

'ನನ್ ಮಾತ್ನ ನಂಬಾಕೆ ಕೊಳ್ತೋದ ಕಾಯಿ ಸಾಕ್ಷಿ ಯೋಳ್ಬೇಕಾ? ಓಗು ಟೀಚರಮ್ಮ, ಓಗು. ಇನ್ನೊಂದ್ ಸಲ ಈ ಮಾತ್ ತಂದ್ರೆ ನೀನೇ ಮೊದ್ಲು ಮನೆ ಖಾಲಿ ಮಾಡು.'

ನಾನು ಎದ್ದು ಬಂದೆ. ಒಳ್ಳೆಯದು ಮಾಡಲು ಹೋದರೆ ಬೈಗುಳ ಎಂದು ನನಗೂ ಸಿಟ್ಟು ಬಂತು. ಆದರೂ ಸುಮ್ಮನಿರಲಾಗದೆ ಮರುದಿನ ಮಂಜುವಿನ ಮನೆಗೆ ಹೋದೆ. ಬಸುರಿಯ ವಿಷಯ ಎತ್ತದೆ, ಗಿಡಕ್ಕೆ ಹಾಕುವುದು ಕಲಗಚ್ಚು ಎಂದೂ ಟೊಮೇಟೊದ ತಳ ಯಾಕೆ ಕಪ್ಪಾಗುತ್ತದೆ ಎಂದೂ ಅಷ್ಟೇ ಹೇಳಿದೆ. ಅವನು ಕೆಂಪಗಾದ ಕಣ್ಣಿನಿಂದ ನನ್ನನ್ನು ನೋಡಿ, ನಿಮ್ಮ ಟೊಮೇಟೊ ಕೋರ್ಟಿಗೂ ಬರುತ್ತದೇನಕ್ಕಾ ಎಂದ. ಒಳಗೆ ಸವಿತಾ ಮಗುವನ್ನು ಮಗ್ಗುಲು ಮಾಡಿ ಮಲಗಿಸಿದ್ದಳು. ಅದರ ತೊಡೆಯಲ್ಲಿ ಒದ್ದೆ ಬಟ್ಟೆಯಿಂದ ಎದ್ದ ಕೆಂಪು ಗುಳ್ಳೆಗಳು. ಅದನ್ನು ನೋಡಿದ ಮೇಲೆ ನನಗೆ ವಾದ ಮಾಡಲು ಮನಸ್ಸಾಗಲಿಲ್ಲ.

ಶುಕ್ರವಾರ ಬಂತು. ಮಾರಮ್ಮನ ಗುಡಿ ಎಂದರೆ ಟೆಕ್ ಪಾರ್ಕಿನ ಗೋಡೆಗೆ ಅಂಟಿಕೊಂಡ ಒಂದು ಪುಟ್ಟ ಗೂಡು. ಮುಂದೆ ಅರಳಿ ಮರ, ಅದರಾಚೆ ಹಾರ್ನ್ ಹೊಡೆಯುತ್ತ ನಿಂತ ಕ್ಯಾಬುಗಳ ಸಾಲು. ನಮ್ಮ ಕಟ್ಟಡದವರೆಲ್ಲ ಬಂದಿದ್ದೆವು. ಬೀದಿಯ ಕೆಲವರೂ ವಿಷಯ ತಿಳಿದು ನಿಂತಿದ್ದರು. ಆಕೆ ಬರುವುದಿಲ್ಲ ಎಂದು ಡ್ರೈವರ್ ಹೇಳುತ್ತಲೇ ಇದ್ದ. ಅಷ್ಟರಲ್ಲಿ ಓನರಮ್ಮ ಬಂದರು. ಅಂಚಿನ ಸೀರೆ ಉಟ್ಟು, ಹಣೆಗೆ ಅಗಲವಾಗಿ ಕುಂಕುಮ ಇಟ್ಟುಕೊಂಡು, ಕುಂಟುತ್ತ. ವಿಧವೆಯಾದರೂ ಕುಂಕುಮ ಬಿಡದ ಹೆಂಗಸು ಅವರು. ಅದಕ್ಕೂ ಊರು ಆಡಿಕೊಂಡಿತ್ತಂತೆ, ಕಿವಿಗೆ ಹಾಕಿಕೊಂಡವರಲ್ಲ.

ಪೂಜಾರಿ ತಟ್ಟೆಯಲ್ಲಿ ಕರ್ಪೂರ ಹಚ್ಚಿ ಮುಂದೆ ಚಾಚಿದ. ಆಕೆ ಮುಟ್ಟಿದರೂ ಕಷ್ಟ, ಮುಟ್ಟದಿದ್ದರೂ ಕಷ್ಟ ಎಂಬುದು ಅಲ್ಲಿ ನನಗೊಬ್ಬಳಿಗೇ ಗೊತ್ತಿತ್ತು. ಬಾಯಿ ತೆರೆಯುವಂತಿರಲಿಲ್ಲ. ಓನರಮ್ಮ ಉರಿಯನ್ನು ನೋಡಿದರು, ದೇವಿಗೆ ಕೈಮುಗಿದರು, ಕೈ ಚಾಚಲಿಲ್ಲ. 'ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ್ರಂತೆ' ಎಂದು ಹಿಂದಿನಿಂದ ಡ್ರೈವರ್ ಗೊಣಗಿದ್ದು ಎಲ್ಲರಿಗೂ ಕೇಳಿಸಿತು. ಆಕೆ ಸೊಂಟದಿಂದ ಕಬ್ಬಿಣದ ಕೀಲಿ ತೆಗೆದು ಮಂಜುವಿನ ಕೈಗೆ ಇಟ್ಟರು.

'ಮುಟ್ಟಾಕಿಲ್ಲ. ಯಾಕೆ ಅಂತ ಯೋಳಾಕೂ ಇಲ್ಲ. ಇದ ಮಡಿಕ್ಕೊ. ನಾಳೆಯಿಂದ ನೀರು ನೀನೇ ಬುಡು. ನನಗೂ ನೀನೇ ಬುಡು.'

ಹೇಳಿ ಬಂದ ದಾರಿಯಲ್ಲೇ ಕುಂಟಿಕೊಂಡು ಹೊರಟುಹೋದರು. ಬೀದಿಯವರು ತಮಗೆ ಬೇಕಾದ ಅರ್ಥ ಮಾಡಿಕೊಂಡರು. ಮುಂದಿನ ದಿನಗಳಲ್ಲಿ ಅಂಗಡಿಯ ಮುಂದೆ ಅವರು ಹೋದರೆ ಮಾತು ನಿಲ್ಲುತ್ತಿತ್ತು. ಅದನ್ನು ನಾನೇ ನೋಡಿದ್ದೇನೆ. ಅವರು ಕೊತ್ತಂಬರಿ ಸೊಪ್ಪು ಆರಿಸುವುದನ್ನು ನಿಲ್ಲಿಸುತ್ತಿರಲಿಲ್ಲ.

ಮನೆ ಖಾಲಿ ಮಾಡುವ ಮಾತು ಅಲ್ಲಿಗೇ ನಿಂತಿತು. ಕೀಲಿ ಕೈಗೆ ಬಂದ ಮೇಲೆ ಹೋಗುವುದೆಲ್ಲಿಗೆ? ಮಂಜು ಈಗ ನೀರಿನ ಯಜಮಾನ. ಮೊದಲು ಸ್ವಲ್ಪ ಗತ್ತಿನಲ್ಲೇ ಹೋಗಿ ವಾಲ್ವ್ ತೆರೆದ. ಹೆಂಡತಿಗೆ ಅನುಕೂಲವಾಗುವಂತೆ ಹೊತ್ತು ಬದಲಾಯಿಸಿದ, ಅದು ಸರಿಯಾಗಿಯೇ ಇತ್ತು. ಆದರೆ ಕೆಲವೇ ದಿನಗಳಲ್ಲಿ ಅವನ ಮುಖ ಇಳಿಯಿತು. ಟ್ಯಾಂಕಿನ ಮುಚ್ಚಳ ತೆಗೆದು ಬಗ್ಗಿ ನೋಡಿದವನಿಗೆ ತಳ ಕಾಣುತ್ತಿತ್ತು. ಎಷ್ಟು ಹಿಡಿದು ಹಿಡಿದು ಬಿಟ್ಟರೂ ಯಾರಿಗಾದರೂ ಕಮ್ಮಿಯಾಗುತ್ತಿತ್ತು. ಕದಿಯುವಷ್ಟು ನೀರೇ ಅಲ್ಲಿರಲಿಲ್ಲ.

ಓನರಮ್ಮ ಎಲ್ಲರ ಹಾಗೆ ನಲ್ಲಿಯ ಕೆಳಗೆ ಬಿಂದಿಗೆ ಇಟ್ಟುಕೊಂಡು ಕಾಯುತ್ತಿದ್ದರು. ಒಂದು ಬೆಳಿಗ್ಗೆ ಕಲಗಚ್ಚಿನ ಬಕೆಟ್ ಹೊತ್ತು ಅವರು ಎರಡನೇ ಮಹಡಿಯಲ್ಲಿ ಏದುಸಿರು ಬಿಡುತ್ತ ಕೂತಿದ್ದಾಗ ಮಂಜು ಮೇಲೆ ಹೋಗುತ್ತಿದ್ದ. ಬಕೆಟಿನೊಳಗೆ ಇಣುಕಿದ. ಅಕ್ಕಿ ತೊಳೆದ ಬಿಳಿ ನೀರು, ಅದರ ಮೇಲೆ ಸೊಪ್ಪಿನ ಚೂರುಗಳು. ಬಕೆಟನ್ನು ಅವರ ಕೈಯಿಂದ ತೆಗೆದುಕೊಂಡ. ಅಂದಿನಿಂದ ಅದು ಅವನ ಕೆಲಸವಾಯಿತು. ಹೇಗೂ ದಿನಾ ಮೇಲೆ ಹೋಗುತ್ತೇನೆ ಎಂದು, ಬಕೆಟ್ ತುಂಬಲು ಕಾಯದೆ, ಆಯಾ ದಿನದ್ದನ್ನು ಅಂದೇ ಒಯ್ಯುತ್ತಿದ್ದ. ಸವಿತಾ ತನ್ನ ಮನೆಯ ಕಲಗಚ್ಚನ್ನೂ ಅದಕ್ಕೆ ಸೇರಿಸಿದಳು, ನಾನೂ ಸೇರಿಸಿದೆ. ತೆಂಗಿನ ನಾರು ಕೊಟ್ಟು ಮಣ್ಣಿನ ಮೇಲೆ ಮುಚ್ಚಲು ಹೇಳಿದೆ, ಕಪ್ಪಾದ ಕಾಯಿಗಳನ್ನೆಲ್ಲ ಕೀಳಿಸಿದೆ. ದಿನಾ ಒಂದೊಂದು ಚೊಂಬು, ಒಂದೇ ಸಮ. ಪೈಪಿನಲ್ಲಿ ಒಂದು ಹನಿಯೂ ಇಳಿಯಲಿಲ್ಲ.

ಹೊಸದಾಗಿ ಕಚ್ಚಿದ ಕಾಯಿಗಳು ಬೆಳೆದವು. ಒಂದು ದಿನ ಮಂಜು ನನ್ನ ಬಾಗಿಲಿಗೆ ಬಂದು ಅಂಗೈ ಬಿಚ್ಚಿದ. ಹಣ್ಣಾಗುತ್ತಿದ್ದ ಒಂದು ಟೊಮೇಟೊ, ತಲೆಕೆಳಗಾಗಿ. ತಳ ಸ್ವಚ್ಛವಾಗಿತ್ತು. 'ಅವತ್ತು ನೀವು ಹೇಳಿದ್ದು...' ಎಂದ. ತನ್ನ ಕೈಯಾರೆ ದಿನಾ ನೀರು ಹಾಕಿ ಬೆಳೆಸಿದವನಿಗೆ, ದಿನಾ ನೀರು ಬಿದ್ದ ಕಾಯಿ ಹೇಗಿರುತ್ತದೆ ಎಂದು ಯಾರೂ ಹೇಳಬೇಕಾಗಿರಲಿಲ್ಲ.

ಕೀಲಿ ಹಿಡಿದು ಓನರಮ್ಮನ ಬಾಗಿಲಿಗೆ ಹೋದನಂತೆ. ತಪ್ಪಾಯಿತು ಎಂದನಂತೆ. ಅವರು ಅವನ ಕೈಯಲ್ಲಿದ್ದ ಕೀಲಿಯನ್ನು ಮುಟ್ಟಲಿಲ್ಲ. ಮನುಷ್ಯಳನ್ನು ನಂಬದೆ ಕಾಯಿಯನ್ನು ನಂಬಿದೆಯಾ, ನಂಬಿಕೋ ಹೋಗು ಎಂದು ಬಾಗಿಲು ಹಾಕಿಕೊಂಡರಂತೆ. ಕ್ಷಮೆಯನ್ನು ಕಡ್ಲೆಪುರಿಯ ಹಾಗೆ ಹಂಚುವ ಹೆಂಗಸಲ್ಲ ಅವರು. ಮಂಜು ಅಳುವಂತಾಗಿದ್ದ. ನನಗೆ ಅವನ ಮೇಲೆ ಕನಿಕರವೂ ಬಂತು, ಸ್ವಲ್ಪ ಸಮಾಧಾನವೂ ಆಯಿತು. ಅನುಭವಿಸಲಿ ಎಂದುಕೊಂಡೆ.

ಹಣ್ಣುಗಳು ಕೆಂಪಾದವು. ಟೆರೇಸಿಗೆ ಬಟ್ಟೆ ಒಣಹಾಕಲು ಹೋದವರೆಲ್ಲ ನೋಡಿ ಬರುತ್ತಿದ್ದರು. ಅಷ್ಟರಲ್ಲಿ ಓನರಮ್ಮನ ಮಗಳೂ ಹೆರಿಗೆಗೆಂದು ತವರಿಗೆ ಬಂದಿದ್ದಳು. ತುಂಬು ಬಸುರಿಯಾಗಿದ್ದ ಅವಳು ಹೊರಗೆ ಕಾಣಿಸಿಕೊಳ್ಳದಂತೆ ತಾಯಿ ಕಾಯುತ್ತಿದ್ದರು. ಗೊಜ್ಜಿನ ಒಗ್ಗರಣೆಯ ವಾಸನೆ ಮಾತ್ರ ಮೂರನೇ ಮಹಡಿಗೂ ಬರುತ್ತಿತ್ತು.

ಟ್ಯಾಂಕರ್ ಬಾರದ ಒಂದು ವಾರ, ಡ್ರೈವರನ ಮನೆಯ ನಲ್ಲಿ ಅರ್ಧಕ್ಕೇ ನಿಂತಿತು. ಅವನು ಗೇಟಿನ ಹತ್ತಿರ ಮಂಜುವನ್ನು ತಡೆದು ನಿಲ್ಲಿಸಿದ. ಓನರಮ್ಮನ ಕೈಯಲ್ಲಿ ಕೀಲಿ ಇದ್ದಾಗ ಕೊಳೆಯುತ್ತಿದ್ದ ಗಿಡಗಳು ಇವನ ಕೈಗೆ ಬಂದ ಮೇಲೆ ಹೇಗೆ ಕಳೆಗಟ್ಟಿವೆ ನೋಡಿ, ಆ ನೀರು ಎಲ್ಲಿಂದ ಬಂತು ಎಂದು ಎಲ್ಲರನ್ನೂ ಕರೆದು ಕೇಳಿದ. ನಾನು ಮೆಟ್ಟಿಲಿಳಿದು ಓಡಿಬಂದು ಕಲಗಚ್ಚಿನ ವಿಷಯ ಹೇಳಿದೆ. ನೀವೂ ಅದರಲ್ಲಿ ಶಾಮೀಲು ಎಂದು ನನ್ನ ಬಾಯಿ ಮುಚ್ಚಿಸಿದ. ಅಂದು ಓನರಮ್ಮನಿಗೆ ಇಟ್ಟ ಪರೀಕ್ಷೆಯನ್ನು ಇಂದು ನೀನೂ ಕೊಡು ಎನ್ನುತ್ತ ಕಾರಿನ ಡ್ಯಾಶ್‌ಬೋರ್ಡಿನ ದೇವರ ಮುಂದಿದ್ದ ಕರ್ಪೂರ ತಂದು, ಕಾಂಪೌಂಡ್ ಗೋಡೆಯ ಮೇಲಿಟ್ಟು ಬೆಂಕಿಕಡ್ಡಿ ಗೀರಿದ.

ಸವಿತಾ ಮಗುವನ್ನು ಹೆಗಲ ಮೇಲೆ ಹಾಕಿಕೊಂಡು ಮೆಟ್ಟಿಲಲ್ಲೇ ನಿಂತಿದ್ದಳು. 'ಮುಟ್ತೀನಿ, ನಂಗೇನ್ ಭಯ' ಎಂದು ಮಂಜು ಕೈ ಮುಂದೆ ಮಾಡಿದ. ಬಿಸಿರಕ್ತದವನು, ತಪ್ಪು ಮಾಡದವನು, ಮುಟ್ಟಿಯೇಬಿಡುತ್ತಿದ್ದ.

ಅಷ್ಟರಲ್ಲಿ ಕೆಳಗಿನ ಮನೆಯ ಬಾಗಿಲು ತೆರೆಯಿತು. ಓನರಮ್ಮ ಬರಿಗಾಲಲ್ಲಿ ಬಂದರು. ಕುಂಟುವ ಕಾಲಿನಲ್ಲಿ ಅಷ್ಟು ಬೇಗ ಹೇಗೆ ಬಂದರೋ ಗೊತ್ತಿಲ್ಲ. ಮಂಜುವಿನ ಮಣಿಕಟ್ಟನ್ನು ಹಿಡಿದು ಉರಿಯಿಂದ ಹಿಂದಕ್ಕೆ ಎಳೆದರು.

'ಇವನ ಮನೇಲಿ ಅಸುಗೂಸೈತೆ. ಆಣೆ ಕೇಳ್ಬ್ಯಾಡಿ' ಎಂದರು. 'ಇವನು ತಕ್ಕೊಂಡಿಲ್ಲ. ನಾನ್ ಯೋಳ್ತೀನಿ, ಸಾಕು.'

ಡ್ರೈವರ್ ಆಕೆಯ ಬೆನ್ನ ಹಿಂದೆ, ಬಾಗಿಲ ಕಡೆ ನೋಡಿದ. ಅವನು ನೋಡುತ್ತಿದ್ದ ಕಡೆಗೆ ಮಂಜುವೂ ತಿರುಗಿದ. ಗದ್ದಲ ಕೇಳಿ ಓನರಮ್ಮನ ಮಗಳು ತುಂಬಿದ ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು ಬಾಗಿಲಿಗೆ ಬಂದಿದ್ದಳು. ಮಂಜು ಅವಳನ್ನು ನೋಡಿದ, ಸವಿತಾಳ ಹೆಗಲ ಮೇಲಿದ್ದ ತನ್ನ ಮಗುವನ್ನು ನೋಡಿದ, ಆಮೇಲೆ ಓನರಮ್ಮನ ಮುಖವನ್ನು ನೋಡಿದ. ಆ ಶುಕ್ರವಾರ ಆಕೆ ಯಾಕೆ ಕೈ ಚಾಚಲಿಲ್ಲ ಎಂದು ಅವನಿಗೆ ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ. ಗೋಡೆಯ ಮೇಲಿನ ಕರ್ಪೂರ ಉರಿದು ಮುಗಿಯುವವರೆಗೂ ಓನರಮ್ಮ ಅವನ ಕೈಯನ್ನು ಬಿಡಲಿಲ್ಲ.